ಡ್ಯೂಟಿ ಲಿಸ್ಟ್ ಮೊದಲು, ಧ್ಯಾನ ಶಿಬಿರ ಆಮೇಲೆ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಸಾಂಕ್ರಾಮಿಕದ ಕಾಲದಲ್ಲಿ ಹೌಸ್ ಸರ್ಜನ್‌ಗಳ (ಎಂಬಿಬಿಎಸ್ ಓದಿ ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವವರು), ಪಿಜಿಗಳ (ಸ್ನಾತಕೋತ್ತರ ಓದುತ್ತಿರುವ ವೈದ್ಯರು) ಮನಸ್ಸಿನ ಆರೋಗ್ಯದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದಲೇ ಹೆಚ್ಚು ಪತ್ರ ಬಂದಿವೆ. ಕೆಲವರು 2020-21ರ ಕೋವಿಡ್ ವಾರ್ಡಿನಿಂದ ಹೊತ್ತು ತಂದದ್ದನ್ನು ಬರೆದಿದ್ದಾರೆ, ಕೆಲವರು ಈಗಿನ ಡ್ಯೂಟಿಯ ಕಷ್ಟವನ್ನು. ಇನ್ನೊಂದು ಸಾಂಕ್ರಾಮಿಕ ಬಂದರೆ ಏನು ಮಾಡಬೇಕೆಂದು ಕೇಳಿದವರೂ ಇದ್ದಾರೆ. ಹೆಸರು ತೆಗೆದು ಊರು ಮಾತ್ರ ಉಳಿಸಿಕೊಂಡಿದ್ದೇವೆ.

ಚಿಕ್ಕಬಳ್ಳಾಪುರದಲ್ಲಿ ಹೌಸ್ ಸರ್ಜನ್ ಆಗಿದ್ದೇನೆ. ಮೂರು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ರೋಗಿಗಳ ಮೇಲೆ ರೇಗುತ್ತೇನೆ. ಡಿಪ್ರೆಷನ್ ಸೋಸಲು ಬಳಸುವ ಪಿಎಚ್‌ಕ್ಯು-9 ಪ್ರಶ್ನಾವಳಿ ತುಂಬಿದೆ, 14 ಅಂಕ ಬಂತು. ಇದು ಡಿಪ್ರೆಷನ್ನೋ, ಬರೀ ಸುಸ್ತೋ?

ಅದನ್ನು ಯಾವ ಹೊತ್ತಿನಲ್ಲಿ ತುಂಬಿದಿರಿ? ಆ ಒಂಬತ್ತು ಪ್ರಶ್ನೆಗಳಲ್ಲಿ ನಿದ್ದೆ, ಸುಸ್ತು, ಹಸಿವು, ಏಕಾಗ್ರತೆ ಈ ನಾಲ್ಕೂ ಸತತ ನೈಟ್ ಡ್ಯೂಟಿ ಮಾಡಿದ ಯಾರಿಗಾದರೂ ಕೆಟ್ಟಿರುತ್ತವೆ. ಪ್ರಶ್ನೆಯೊಂದಕ್ಕೆ ಹೆಚ್ಚೆಂದರೆ 3 ಅಂಕ. ಹಾಗಾಗಿ 12 ಅಂಕದವರೆಗೆ ಬರೀ ಡ್ಯೂಟಿಯೇ ತಂದುಕೊಟ್ಟುಬಿಡಬಹುದು. ಒಂದು ಆಫ್ ಸಿಕ್ಕಿ, ಎರಡು ರಾತ್ರಿ ಸರಿಯಾಗಿ ನಿದ್ದೆಯಾದ ಮೇಲೆ ಇನ್ನೊಮ್ಮೆ ತುಂಬಿ. ಆಗ ಒಟ್ಟು ಅಂಕಕ್ಕಿಂತ ಮೊದಲು 1 ಮತ್ತು 2ನೇ ಪ್ರಶ್ನೆಗಳನ್ನು ನೋಡಿ. ಯಾವುದರಲ್ಲೂ ಆಸಕ್ತಿ ಇಲ್ಲ, ಮನಸ್ಸು ಕುಗ್ಗಿದೆ ಎಂಬ ಈ ಎರಡರಲ್ಲಿ ಒಂದಕ್ಕಾದರೂ 2 ಅಥವಾ 3 ಬಂದು, ಒಟ್ಟು 10 ದಾಟಿದರೆ ಅದೇ ವಾರ ಮನೋವೈದ್ಯರನ್ನು ಕಾಣಿ. 15 ದಾಟಿದರೆ ವಾರವೂ ಕಾಯಬೇಡಿ. 9ನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಒಟ್ಟು ಅಂಕ ಎಷ್ಟೆಂದು ನೋಡುವ ಅಗತ್ಯವಿಲ್ಲ, ಇವತ್ತೇ ಯಾರೊಂದಿಗಾದರೂ ಮಾತಾಡಿ. ಇದು ಸೋಸುವ ಪರೀಕ್ಷೆಯಷ್ಟೇ, ರೋಗನಿರ್ಣಯ ಮಾಡಬೇಕಾದವರು ಎದುರು ಕೂತು ಕೇಳುವ ವೈದ್ಯರು.

ಬರ್ನ್‌ಔಟ್, ಅಂದರೆ ಕೆಲಸದಿಂದಲೇ ಬಸವಳಿದುಹೋಗುವುದು, ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ಅದನ್ನು ಕಾಯಿಲೆ ಎಂದಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸೇರಿಸಿದ್ದಾರೆ. ಅದರ ಲಕ್ಷಣ ಮೂರು: ದಣಿವು, ರೋಗಿಗಳ ಬಗ್ಗೆ ಉದಾಸೀನ (ನಾಗಮ್ಮ ಎನ್ನುವವರು 'ಬೆಡ್ 12' ಆಗಿಬಿಡುವುದು), ಮತ್ತು ನಾನು ಮಾಡುವುದೆಲ್ಲ ವ್ಯರ್ಥ ಎಂಬ ಭಾವ. ಬರ್ನ್‌ಔಟ್ ಆದವರು ಹಬ್ಬಕ್ಕೆ ಊರಿಗೆ ಹೋದರೆ ಎರಡನೇ ದಿನ ನಗುತ್ತಾರೆ, ಅವರೆಕಾಳಿನ ಸಾರು ರುಚಿಸುತ್ತದೆ. ಡಿಪ್ರೆಷನ್ ಇದ್ದವರಿಗೆ ಹಬ್ಬವೂ ಬೇಡ, ಊರೂ ಬೇಡ, ಸಾರೂ ಬೇಡ. ಕೆಲಸ ಬದಲಾಗದೆ ಬರ್ನ್‌ಔಟ್ ಹೋಗುವುದಿಲ್ಲ, ಅದಕ್ಕೆ ಮಾತ್ರೆ ಇಲ್ಲ. ಆದರೆ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಡಿಪ್ರೆಷನ್ನಿಗೆ ದಾರಿಯಾಗುತ್ತದೆ.

ಇದರ ಜೊತೆಗೆ ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ವಿಟಮಿನ್ ಬಿ12 ಮೂರನ್ನೂ ಮಾಡಿಸಿ. ರೋಗಿಗಳಿಗೆ ದಿನಾ ಬರೆದುಕೊಡುವ ಈ ಪರೀಕ್ಷೆಗಳನ್ನು ಹೌಸ್ ಸರ್ಜನ್‌ಗಳು ತಮಗೆ ಮಾಡಿಸಿಕೊಳ್ಳುವುದು ಅಪರೂಪ. ಈಚೆಗೆ ಕೋವಿಡ್, ಡೆಂಗಿ ಅಥವಾ ಬೇರೆ ಜ್ವರ ಬಂದು ಹೋಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ವಾರದಲ್ಲಿ ಮೂರು ನೈಟ್ ಬರುತ್ತದೆ. ಬೆಳಗ್ಗೆ ಹಾಸ್ಟೆಲ್ಲಿಗೆ ಬಂದರೆ ನಿದ್ದೆ ಹತ್ತುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಏನು ಮಾಡಲಿ? – ತುಮಕೂರು

ಇದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇವೆ. ನಮ್ಮ ಕೈಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ತೊಂದರೆಯ ಬೇರು ಇಲ್ಲೇ ಇದೆ.

ರಾತ್ರಿ 8ರಿಂದ ಬೆಳಗ್ಗೆ 8ರ ಡ್ಯೂಟಿ ಎಂದಿಟ್ಟುಕೊಳ್ಳಿ. ಮೊದಲ ನೈಟಿನ ದಿನ ಮಧ್ಯಾಹ್ನ ಊಟವಾದ ಮೇಲೆ ಒಂದೂವರೆ ಗಂಟೆ ಮಲಗಿ. ನಿದ್ದೆ ಬರದಿದ್ದರೂ ಕತ್ತಲೆ ಮಾಡಿಕೊಂಡು ಕಣ್ಣು ಮುಚ್ಚಿರಿ. ಬೆಳಗ್ಗೆ 7ಕ್ಕೆ ಎದ್ದು ನೇರ ನೈಟಿಗೆ ಹೋದರೆ ಮರುದಿನ ಬೆಳಗ್ಗೆಗೆ 24 ಗಂಟೆ ಎಚ್ಚರ. ಅಷ್ಟು ಹೊತ್ತು ನಿದ್ದೆಗೆಟ್ಟವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.10% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ತೋರಿಸಿದ್ದಾರೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 0.03%.

ಕಾಫಿ ಕುಡಿಯಬೇಡಿ ಎನ್ನುವುದಿಲ್ಲ. ಹೊತ್ತು ನೋಡಿ ಕುಡಿಯಿರಿ. ಒಳಹೋದ ಕೆಫೀನಿನಲ್ಲಿ ಅರ್ಧದಷ್ಟು ಕರಗಲು ಐದಾರು ಗಂಟೆ ಬೇಕು. ಬೆಳಗ್ಗೆ 9ಕ್ಕೆ ಮಲಗುವುದಾದರೆ ಕೊನೆಯ ಲೋಟ ರಾತ್ರಿ 2ರೊಳಗೆ ಮುಗಿಯಬೇಕು. ಬೆಳಗಿನ ಜಾವ 5ಕ್ಕೆ, ರೌಂಡ್ಸಿಗೆ ಮುಂಚೆ, ಕ್ಯಾಂಟೀನಿನ ಸ್ಟ್ರಾಂಗ್ ಕಾಫಿ ಕುಡಿಯುವ ಅಭ್ಯಾಸವೇ ನಿಮ್ಮ ನಿದ್ದೆ ಕದಿಯುತ್ತಿರುವ ಸಾಧ್ಯತೆ ಹೆಚ್ಚು.

ಜೊತೆಯವರು ನೋಡಿಕೊಳ್ಳುವುದಾದರೆ 2ರಿಂದ 4ರ ನಡುವೆ 20 ನಿಮಿಷ ಮಲಗಿ, ಅಲಾರಂ ಇಟ್ಟು. ಅರ್ಧ ಗಂಟೆ ಮೀರಿದರೆ ಗಾಢ ನಿದ್ದೆಗೆ ಜಾರುತ್ತೀರಿ. ಅಲ್ಲಿಂದ ಎಬ್ಬಿಸಿದಾಗ ಹತ್ತಿಪ್ಪತ್ತು ನಿಮಿಷ ತಲೆ ಮಂಕಾಗಿರುತ್ತದೆ. ಎದ್ದ ತಕ್ಷಣ ಮಕ್ಕಳ ಡೋಸು ಲೆಕ್ಕ ಹಾಕಬೇಡಿ, ಹಾಕಲೇಬೇಕಾದರೆ ಸಿಸ್ಟರ್ ಹತ್ತಿರ ಇನ್ನೊಮ್ಮೆ ಲೆಕ್ಕ ಮಾಡಿಸಿ. ಊಟ ಡ್ಯೂಟಿಗೆ ಮುಂಚೆಯೇ ಆಗಲಿ. ನಡುರಾತ್ರಿ ಬಿರಿಯಾನಿ ತರಿಸುವುದಕ್ಕಿಂತ ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ ಜೇಬಿನಲ್ಲಿರಲಿ. ಪಾವಗಡ, ಶಿರಾ ಕಡೆಯವರಿಗೆ ಕಡಲೆಕಾಯಿಯ ಬಗ್ಗೆ ಬೇರೆ ಹೇಳಬೇಕಿಲ್ಲ.

ಬೆಳಗ್ಗೆ ರೂಮಿಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ. ಬಿಸಿಲು ಕಣ್ಣಿಗೆ ಬಿದ್ದಷ್ಟೂ ಮೆದುಳು 'ಬೆಳಗಾಯಿತು' ಎಂದುಕೊಳ್ಳುತ್ತದೆ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ, ಹತ್ತು ರೂಪಾಯಿಯ ಇಯರ್‌ಪ್ಲಗ್ ಸಾಕು. ಫೋನ್ ಸೈಲೆಂಟ್ ಮಾಡಿ ಮನೆಯ ಒಂದು ನಂಬರು, ಯೂನಿಟ್ಟಿನ ಒಂದು ನಂಬರು ಮಾತ್ರ ರಿಂಗ್ ಆಗುವಂತೆ ಇಡಿ. ಕೊನೆಯ ನೈಟ್ ಮುಗಿದ ಬೆಳಗ್ಗೆ ಮಾತ್ರ ಎರಡು-ಮೂರು ಗಂಟೆ ಮಲಗಿ ಎದ್ದುಬಿಡಿ, ಆ ರಾತ್ರಿ ಮಾಮೂಲು ಹೊತ್ತಿಗೆ ಮಲಗಿ. ಅವತ್ತು ಸಂಜೆಯವರೆಗೆ ಮಲಗಿದರೆ ಮತ್ತೆ ಮೂರು ದಿನ ಗಡಿಯಾರ ತಪ್ಪುತ್ತದೆ.

ನೈಟ್ ಮುಗಿಸಿ ಬೈಕಿನಲ್ಲಿ ಹೆದ್ದಾರಿಗೆ ಇಳಿಯಬೇಡಿ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್, ಲಾರಿಗಳ ನಡುವೆ. ಬಸ್ಸಿನಲ್ಲಿ ಕೂತು ನಿದ್ದೆ ಮಾಡಿಕೊಂಡು ಹೋಗಿ.

ಪಿಜಿ ಎರಡನೇ ವರ್ಷ. ನಿದ್ದೆಗೆಂದು ಅಲ್ಪ್ರಜೋಲಾಮ್ 0.5 ಶುರುಮಾಡಿದೆ, ನಾನೇ ಬರೆದುಕೊಂಡು. ನಾಲ್ಕು ತಿಂಗಳಾಯಿತು. ಈಗ ಒಂದು ದಿನ ಬಿಟ್ಟರೂ ಎದೆ ಬಡಿದುಕೊಳ್ಳುತ್ತದೆ. ನಿಲ್ಲಿಸಿಬಿಡಲೇ? – ಕೋಲಾರ

ಒಮ್ಮೆಲೇ ನಿಲ್ಲಿಸಬೇಡಿ. ಅಲ್ಪ್ರಜೋಲಾಮ್‌ನಂಥ ಬೆನ್ಜೋಡಯಾಜೆಪೀನ್ ಮಾತ್ರೆ ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು ಎಂದು ನೀವು ಓದಿಯೇ ಇದ್ದೀರಿ. ಆ ನಿಯಮ ಡಾಕ್ಟರಿಗೂ ಒಂದೇ. ಒಬ್ಬ ಮನೋವೈದ್ಯರನ್ನು ಕಂಡು ಎಷ್ಟು, ಎಷ್ಟು ದಿನದಿಂದ ಎಂದು ನಿಜ ಹೇಳಿ. ಅರ್ಧ ಹೇಳಿದರೆ ಇಳಿಸುವ ಲೆಕ್ಕ ತಪ್ಪುತ್ತದೆ. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಹತ್ತರಿಂದ ಇಪ್ಪತ್ತೈದು ಶೇಕಡಾ ಇಳಿಸುತ್ತಾರೆ. ಕೆಲವರಿಗೆ ನಿಧಾನವಾಗಿ ದೇಹದಿಂದ ಹೊರಹೋಗುವ ಡಯಾಜೆಪಾಮ್‌ಗೆ ಬದಲಾಯಿಸಿ ಆಮೇಲೆ ಇಳಿಸುತ್ತಾರೆ. ಕೊನೆಯ ಕಾಲು ಮಾತ್ರೆ ಬಿಡುವುದೇ ಕಷ್ಟ, ಅಲ್ಲಿ ಅವಸರ ಮಾಡಬೇಡಿ. ಇಳಿಸುವ ಅಷ್ಟೂ ದಿನ ಮದ್ಯ ಮುಟ್ಟಬೇಡಿ.

ಮಾತ್ರೆಯ ಜಾಗಕ್ಕೆ ಬರಬೇಕಾದ್ದು ನಿದ್ರೆಯ ಸಿಬಿಟಿ (ಯೋಚನೆ, ಅಭ್ಯಾಸ ಬದಲಿಸುವ ಮಾತಿನ ಚಿಕಿತ್ಸೆ): ಹಾಸಿಗೆ ನಿದ್ದೆಗೆ ಮಾತ್ರ, 20 ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂರುವುದು, ಆಫ್ ಇರುವ ದಿನಗಳಲ್ಲಾದರೂ ಏಳುವ ಹೊತ್ತು ಒಂದೇ. ಆರೆಂಟು ಭೇಟಿಯಲ್ಲಿ ಕಲಿಸುತ್ತಾರೆ. ತನಗೆ ತಾನೇ ಚೀಟಿ ಬರೆದುಕೊಳ್ಳುವುದು ಅವಮಾನದ ವಿಷಯವೆಂದು ಹೇಳುತ್ತಿಲ್ಲ. ಬರೆದುಕೊಂಡ ಡಾಕ್ಟರನ್ನು ಫಾಲೋಅಪ್‌ಗೆ ಕರೆಯುವವರು ಯಾರೂ ಇರುವುದಿಲ್ಲ, ಅದೇ ಅದರ ದೋಷ.

ಕೋವಿಡ್ ಕಾಲದಲ್ಲಿ ಸಾವಿನ ಸುದ್ದಿಯನ್ನು ಫೋನಿನಲ್ಲೇ ಹೇಳಬೇಕಿತ್ತು. ಆ ಕೆಲಸ ಯಾವಾಗಲೂ ಕಿರಿಯರ ಪಾಲಿಗೇ. ಇದನ್ನು ಸರಿಯಾಗಿ ಮಾಡುವುದು ಹೇಗೆ? ನಮ್ಮ ಹೌಸ್ ಸರ್ಜನ್‌ಗಳಿಗೆ ಕಲಿಸಬೇಕಿದೆ. – ಕೋಲಾರ

ಇದನ್ನು ಕೇಳಿದ್ದಕ್ಕೆ ಸಂತೋಷ. ತಯಾರಿಯಿಲ್ಲದೆ ಹೇಳಿದ ಸುದ್ದಿ ಕೇಳಿದವರನ್ನೂ ಕಾಡುತ್ತದೆ, ಹೇಳಿದವರನ್ನೂ.

ಡಯಲ್ ಮಾಡುವ ಮುಂಚೆ ಕೇಸ್ ಶೀಟ್ ಎದುರಿಗಿರಲಿ. ರೋಗಿಯ ಪೂರ್ತಿ ಹೆಸರು, ಊರು, ತೀರಿಕೊಂಡ ಹೊತ್ತು, ಕೊನೆಯ ಎರಡು ಗಂಟೆಯಲ್ಲಿ ಮಾಡಿದ ಚಿಕಿತ್ಸೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದೇ ಹೆಸರಿನ ಇಬ್ಬರು ಇರುವ ವಾರ್ಡಿನಲ್ಲಿ ಆಗುವ ಅನಾಹುತ ಇಲ್ಲಿಯೇ ತಡೆಯಬೇಕು. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ತೆಲುಗು ಬರುವ ಸಿಸ್ಟರ್ ಅಥವಾ ಸಹೋದ್ಯೋಗಿ ಪಕ್ಕದಲ್ಲಿರಲಿ. ಕನ್ನಡ ಬರುತ್ತದೆಂದು ಮನೆಯ ಹತ್ತನೇ ಕ್ಲಾಸಿನ ಹುಡುಗನ ಕೈಗೆ ಫೋನ್ ಕೊಡಿಸಿ ಅವನಿಂದ ಅಜ್ಜಿಗೆ ಹೇಳಿಸುವುದು ಬೇಡವೇ ಬೇಡ.

ಸದ್ದಿಲ್ಲದ ಜಾಗ, ಕೂತುಕೊಂಡು ಮಾತು. ಮೊದಲು ನಿಮ್ಮ ಹೆಸರು, ವಾರ್ಡು. ಆಮೇಲೆ ಅವರು ಯಾರು, ರೋಗಿಗೆ ಏನಾಗಬೇಕು. 'ಎಲ್ಲಿದ್ದೀರಿ? ಗಾಡಿ ಓಡಿಸ್ತಿದ್ದೀರಾ? ಜೊತೆಗೆ ಯಾರಾದರೂ ಇದ್ದಾರಾ?' ಗಾಡಿಯಲ್ಲಿದ್ದರೆ ನಿಲ್ಲಿಸಲು ಹೇಳಿ ಕಾಯಿರಿ. ಇಲ್ಲಿಯವರೆಗೆ ಅವರಿಗೆ ಏನು ಗೊತ್ತಿದೆ ಎಂದು ಕೇಳಿ. ಆಮೇಲೆ ಒಂದು ಮುನ್ಸೂಚನೆ: 'ಕೆಟ್ಟ ಸುದ್ದಿ ಹೇಳಬೇಕಾಗಿದೆ.' ಒಂದು ಉಸಿರಿನಷ್ಟು ಬಿಡುವು. 'ನಿಮ್ಮ ತಂದೆಯವರು ಇವತ್ತು ಬೆಳಗಿನ ಜಾವ 4.20ಕ್ಕೆ ತೀರಿಕೊಂಡರು.' ಇಷ್ಟೇ. 'ಸ್ಯಾಚುರೇಷನ್ ಡ್ರಾಪ್ ಆಯಿತು, ರಿವೈವ್ ಮಾಡಲಾಗಲಿಲ್ಲ' ಎಂದರೆ ಕೇಳಿದವರು 'ಹಾಗಾದರೆ ಈಗ ಹೇಗಿದ್ದಾರೆ ಸಾರ್?' ಎನ್ನುತ್ತಾರೆ. ಅದನ್ನು ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟ.

ಹೇಳಿದ ಮೇಲೆ ಸುಮ್ಮನಿರಿ. ಹತ್ತು-ಹದಿನೈದು ಸೆಕೆಂಡಿನ ಮೌನ ಫೋನಿನಲ್ಲಿ ಬಹಳ ಉದ್ದ ಅನಿಸುತ್ತದೆ, ಅದನ್ನು ಮಾತಿನಿಂದ ತುಂಬಿಸಲು ಹೋಗಿಯೇ ಅನಗತ್ಯ ಮಾತು ಬರುವುದು. ಅಳು, ಬೈಗುಳ ಎರಡನ್ನೂ ಕೇಳಿಸಿಕೊಳ್ಳಿ. ಪ್ರಶ್ನೆ ಬಂದಾಗ ನೇರ ಉತ್ತರ. ಕೊನೆಗೆ ದೇಹ ಎಲ್ಲಿ, ಯಾವಾಗ ಸಿಗುತ್ತದೆ, ಯಾವ ಕಾಗದ ತರಬೇಕು, ಮತ್ತೆ ಯಾರಿಗೆ ಫೋನ್ ಮಾಡಬೇಕು ಎಂದು ನಿಧಾನವಾಗಿ ಎರಡು ಸಲ ಹೇಳಿ. ಆ ಹೊತ್ತಿನಲ್ಲಿ ಕೇಳಿದ್ದು ಯಾರಿಗೂ ನೆನಪಿರುವುದಿಲ್ಲ, ಒಂದು ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿ.

ವಿಭಾಗದವರಿಗೆ ನಮ್ಮ ಸಲಹೆ ಇದು. ಒಬ್ಬ ಹೌಸ್ ಸರ್ಜನ್‌ಗೆ ಒಂದು ಪಾಳಿಯಲ್ಲಿ ಇಂಥ ಮೂರಕ್ಕಿಂತ ಹೆಚ್ಚು ಕರೆ ಬೇಡ, ಮೊದಲ ಕೆಲವನ್ನು ಸೀನಿಯರ್ ಮಾಡಿ ತೋರಿಸಲಿ. ಕರೆ ಮುಗಿದ ಮೇಲೆ ಹತ್ತು ನಿಮಿಷ ವಾರ್ಡಿನಿಂದ ಹೊರಗೆ ಕಳಿಸಿ. ಇನ್ನು ಎಲ್ಲರನ್ನೂ ಸಾಲಾಗಿ ಕೂರಿಸಿ 'ಆ ದೃಶ್ಯ ಪೂರ್ತಿ ಹೇಳು, ಅತ್ತುಬಿಡು' ಎಂದು ಒತ್ತಾಯಿಸುವ ಒಂದು ದಿನದ ಡಿಬ್ರೀಫಿಂಗ್‌ಗಳಿವೆ. ಅವು ಮುಂದೆ ಬರಬಹುದಾದ ಪಿಟಿಎಸ್‌ಡಿಯನ್ನು (ಆಘಾತದ ನೆನಪು ಬಿಡದೆ ಕಾಡುವ ಕಾಯಿಲೆ) ತಡೆಯುವುದಿಲ್ಲ, ಕೆಲವರಿಗೆ ಹೆಚ್ಚೇ ಮಾಡುತ್ತವೆ. ಪಾಳಿಯ ಕೊನೆಯಲ್ಲಿ ನಿಂತಲ್ಲೇ ಹತ್ತು ನಿಮಿಷ ಸಾಕು: ಏನಾಯಿತು, ಯಾವುದು ಸರಿಹೋಯಿತು, ನಾಳೆ ಏನು ಬದಲಿಸಬೇಕು, ಇವತ್ತು ಯಾರು ಒಬ್ಬರೇ ರೂಮಿಗೆ ಹೋಗಬಾರದು. ಮಾತಾಡಲು ಇಷ್ಟವಿಲ್ಲದವರು ಸುಮ್ಮನಿರಲಿ.

ನನ್ನ ತಮ್ಮ 2021ರ ಎರಡನೇ ಅಲೆಯಲ್ಲಿ ಹೌಸ್ ಸರ್ಜನ್. ಈಗಲೂ ಮಿಕ್ಸಿಯ ಸದ್ದಿಗೂ ಬೆಚ್ಚುತ್ತಾನೆ, ಐಸಿಯು ಪೋಸ್ಟಿಂಗ್ ತಪ್ಪಿಸಿಕೊಳ್ಳುತ್ತಾನೆ. ಗಟ್ಟಿ ಮನಸ್ಸು ಮಾಡ್ಕೋ ಅಂದರೆ ಎದ್ದು ಹೋಗುತ್ತಾನೆ. – ಗೌರಿಬಿದನೂರು

ಎದ್ದು ಹೋಗುವುದು ಸಹಜ. ಬೆಚ್ಚುವುದು, ತಪ್ಪಿಸಿಕೊಳ್ಳುವುದು, ಅದೇ ಕನಸು, ಕಾರಣವಿಲ್ಲದ ಸಿಟ್ಟು ಒಂದು ತಿಂಗಳು ದಾಟಿದರೆ ಪಿಟಿಎಸ್‌ಡಿ ಇದೆಯೇ ಎಂದು ನೋಡಿಸಬೇಕು. ಇಲ್ಲಿ ವರ್ಷಗಳೇ ಆಗಿವೆ. ತಡವಾಯಿತೆಂದು ಬಿಡಬೇಡಿ, ಹಳೆಯದ್ದಕ್ಕೂ ಚಿಕಿತ್ಸೆ ಫಲಿಸುತ್ತದೆ. ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಸಿಬಿಟಿ ಅಥವಾ ಇಎಂಡಿಆರ್ (ಕಣ್ಣು ಆಚೀಚೆ ಚಲಿಸುತ್ತಾ ಆಘಾತದ ನೆನಪನ್ನು ಎದುರಿಸುವ ಚಿಕಿತ್ಸೆ), ವಾರಕ್ಕೊಂದರಂತೆ 8ರಿಂದ 12 ಭೇಟಿ. ಬೇಕಾದರೆ ಸರ್ಟ್ರಾಲಿನ್‌ನಂಥ ಮಾತ್ರೆ. ಅದು ಕೆಲಸ ತೋರಿಸಲು ನಾಲ್ಕರಿಂದ ಆರು ವಾರ ಬೇಕು, ಮೊದಲ ವಾರದ ಹೊಟ್ಟೆ ತೊಳಸುವಿಕೆಗೆ ಹೆದರಿ ಬಿಟ್ಟುಬಿಡುವವರಿದ್ದಾರೆ. ನಿದ್ದೆ ಮಾತ್ರೆಯಿಂದ ಪಿಟಿಎಸ್‌ಡಿ ವಾಸಿಯಾಗುವುದಿಲ್ಲ.

ಐಸಿಯು ತಪ್ಪಿಸಿಕೊಂಡಾಗಲೆಲ್ಲ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆ ಹಾಯೇ ಭಯವನ್ನು ಸಾಕುತ್ತದೆ. ಹಾಗೆಂದು ಬಲವಂತವಾಗಿ ತಳ್ಳಬೇಡಿ. ಥೆರಪಿಸ್ಟ್ ಜೊತೆ ಮೆಟ್ಟಿಲು ಮೆಟ್ಟಿಲಾಗಿ, ಮೊದಲು ಮಾನಿಟರ್ ಸದ್ದಿನ ರೆಕಾರ್ಡಿಂಗ್, ಆಮೇಲೆ ಐಸಿಯು ಬಾಗಿಲು, ಆಮೇಲೆ ಒಳಗೆ, ಹೀಗೆ. ಗೌರಿಬಿದನೂರಿನಿಂದ ನಿಮ್ಹಾನ್ಸ್‌ಗೆ ಹೋಗಿಬರುವುದು ಒಂದು ದಿನದ ಕೆಲಸ. ಮೊದಲ ಭೇಟಿ ಅಲ್ಲಿ ಮಾಡಿಸಿ ಉಳಿದದ್ದನ್ನು ವಿಡಿಯೋದಲ್ಲಿ ಮುಂದುವರಿಸಬಹುದೇ ಎಂದು ಅವರನ್ನೇ ಕೇಳಿ.

ನನ್ನ ರೂಮ್‌ಮೇಟ್ ಎರಡು ವಾರದಿಂದ 'ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೇದು' ಅಂತಾಳೆ. ಮೊನ್ನೆ ತನ್ನ ಪುಸ್ತಕಗಳನ್ನೆಲ್ಲ ಜೂನಿಯರ್‌ಗೆ ಕೊಟ್ಟಳು. ಕೇಳಿದರೆ ಅವಳ ತಲೆಗೆ ನಾನೇ ಹಾಕಿದ ಹಾಗಾಗುತ್ತಾ? – ತುಮಕೂರು

ಆಗುವುದಿಲ್ಲ. ಕೇಳಿದ್ದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ, ಕೇಳುವವರು ಸಿಕ್ಕರಲ್ಲ ಎಂದು ಹಗುರವಾಗುವವರೇ ಹೆಚ್ಚು. ಇವತ್ತೇ ಕೇಳಿ. ರೂಮಿನ ಬಾಗಿಲು ಹಾಕಿ, ಪಕ್ಕ ಕೂತು, ನಿಮ್ಮದೇ ಮಾತಿನಲ್ಲಿ: 'ಏನೇ, ಸತ್ತೋಗ್ಬೇಕು ಅಂತ ಅನ್ನಿಸ್ತಿದ್ಯಾ?' 'ಹಂಗೇನೂ ಇಲ್ಲ ಅಲ್ವಾ?' ಎಂದು ಕೇಳಬೇಡಿ, ಅದು ಇಲ್ಲ ಎನ್ನಲು ಹೇಳಿಕೊಟ್ಟ ಹಾಗೆ.

ಹೌದು ಎಂದರೆ ಗಾಬರಿ ತೋರಿಸಬೇಡಿ. ಯಾವಾಗಿನಿಂದ, ಹೇಗೆಂದು ಯೋಚಿಸಿದ್ದಾಳೆಯೇ, ಇವತ್ತೋ ನಾಳೆಯೋ ಎಂದು ಮನಸ್ಸು ಮಾಡಿದ್ದಾಳೆಯೇ ಎಂದು ಕೇಳಿ. ಯೋಜನೆ ಇದ್ದರೆ ಅದು ತುರ್ತು: ಒಬ್ಬಳನ್ನೇ ಬಿಡಬೇಡಿ, ಬಾತ್‌ರೂಮಿಗೂ ಚಿಲಕ ಬೇಡ. ನಿಮ್ಮದೇ ಆಸ್ಪತ್ರೆಯ ಆನ್-ಕಾಲ್ ಮನೋವೈದ್ಯರಿಗೆ ಫೋನ್ ಮಾಡಿ, ಕ್ಯಾಷುವಾಲ್ಟಿಗೆ ನಡೆಸಿಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಏನು ಮಾಡಬೇಕೆಂದು ತಿಳಿಯದೆ ನೀವೂ ಅದಕ್ಕೆ ಫೋನ್ ಮಾಡಬಹುದು. ರೂಮಿನಲ್ಲಿರುವ ಮಾತ್ರೆ, ಇಂಜೆಕ್ಷನ್ ಎಲ್ಲ ಬೇರೆಯವರ ಕೈಗೆ ಹೋಗಲಿ. ವಾರ್ಡಿನ ಔಷಧಿ ಬೀರುವಿನ ಕೀ ಅವಳ ಹತ್ತಿರ ಇರುತ್ತದೆಯೇ ಎಂದು ನೋಡಿ. ಹೊರಗಿನವರಿಗೆ ಸಿಗದ ವಸ್ತು ಡಾಕ್ಟರಿಗೆ ಕೈಯಳತೆಯಲ್ಲಿರುತ್ತದೆ, ಇವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಅದಕ್ಕೇ.

'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. 'ನಿನ್ನ ಜೀವ ಉಳಿಸೋಕೆ ಎಷ್ಟು ಜನಕ್ಕೆ ಹೇಳಬೇಕೋ ಅಷ್ಟೇ ಜನಕ್ಕೆ ಹೇಳ್ತೀನಿ' ಎನ್ನಿ. ಬ್ಯಾಚಿನ ವಾಟ್ಸಾಪ್ ಗುಂಪಿಗೆ ಹಾಕುವುದು, ದೇವರ ಮೇಲೆ ಆಣೆ ಹಾಕಿಸುವುದು, ಅಪ್ಪ-ಅಮ್ಮನ ಕಷ್ಟ ನೆನಪಿಸುವುದು ಯಾವುದೂ ಬೇಡ. ತಾನು ಮನೆಗೆ ಭಾರ ಎಂದುಕೊಂಡವಳಿಗೆ ಅದು ಇನ್ನೊಂದು ಭಾರ.

ತುರ್ತು ಕಳೆದ ಮೇಲೆ ಮನೋವೈದ್ಯರೊಡನೆ ಕೂತು ಅವಳ ಕೈಬರಹದಲ್ಲೇ ಒಂದು ಹಾಳೆ ಬರೆಸಿ. ಯಾವ ಸೂಚನೆ ಕಂಡರೆ ಹದಗೆಡುತ್ತಿದೆ ಎಂದು ತಿಳಿಯಬೇಕು, ಒಬ್ಬಳೇ ಇದ್ದಾಗ ಏನು ಮಾಡಬಹುದು, ಯಾರ ಜೊತೆ ಎಲ್ಲಿ ಹೋಗಿ ಕೂರಬಹುದು, ಯಾರ ಹತ್ತಿರ ಬಾಯಿಬಿಡಬಹುದು, ಯಾವ ವೈದ್ಯರ ನಂಬರು, ರೂಮಿನಲ್ಲಿ ಏನೇನು ಇರಬಾರದು. ಅಡ್ಮಿಟ್ ಆಗಿ ಮರಳಿದ ಮೊದಲ ವಾರಗಳಲ್ಲೇ ಅಪಾಯ ಜಾಸ್ತಿ. 'ಈಗ ಆರಾಮಾಗಿದ್ದಾಳೆ' ಎಂದು ಮರುದಿನವೇ ನೈಟಿಗೆ ಹಾಕುವ ಘಟಕ ಇದ್ದರೆ ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ವೈದ್ಯರ ಪತ್ರ ತೋರಿಸಿ. ಆತ್ಮಹತ್ಯೆಯ ಪ್ರಯತ್ನ ನಡೆದಿದ್ದರೂ ಪೊಲೀಸರಿಗೆ ಹೆದರಿ ಮುಚ್ಚಿಡಬೇಡಿ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಶಿಕ್ಷೆಗಲ್ಲ, ಆರೈಕೆಗೆ.

ಮನೋವೈದ್ಯರಿಗೆ ತೋರಿಸಿದರೆ ಮುಂದೆ ರಿಜಿಸ್ಟ್ರೇಷನ್‌ಗೆ, ಕೆಲಸಕ್ಕೆ ತೊಂದರೆಯೇ? – ಚಿಂತಾಮಣಿ

ಡಿಪ್ರೆಷನ್ನಿಗೆ ಚಿಕಿತ್ಸೆ ಪಡೆದದ್ದು ನೋಂದಣಿ ಕಳೆದುಕೊಳ್ಳುವ ಕಾರಣವಲ್ಲ. ಅದೇ 2017ರ ಕಾಯ್ದೆಯ 23ನೇ ಕಲಂ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯ. ಜೀವಕ್ಕೆ ಅಪಾಯ, ಕೋರ್ಟಿನ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ ವೈದ್ಯರು ಅದನ್ನು ನಿಮ್ಮ ಪ್ರಿನ್ಸಿಪಾಲರಿಗೂ ಹೇಳುವಂತಿಲ್ಲ. ಕಾನೂನು ಹೀಗಿದ್ದರೂ ಸ್ವಂತ ಕಾಲೇಜಿನ ಓಪಿಡಿಯಲ್ಲಿ ಕ್ಲಾಸ್‌ಮೇಟೇ ಚೀಟಿ ಬರೆಯುವಾಗ ಮುಜುಗರ ಇದ್ದೇ ಇದೆ. ಬೇರೆ ಊರಿನ ಆಸ್ಪತ್ರೆಗೆ ಹೋಗಿ. ಮೊದಲ ಮಾತಿಗೆ 14416 ಸಾಕು.

ಮಗಳು ತುಮಕೂರಿನಲ್ಲಿ ಹೌಸ್ ಸರ್ಜನ್. ಫೋನ್ ಮಾಡಿದರೆ 'ಆಮೇಲೆ ಮಾಡ್ತೀನಮ್ಮ' ಅಂತ ಇಟ್ಟುಬಿಡುತ್ತಾಳೆ. ನಾವು ಏನು ಮಾತಾಡಬೇಕು? – ಒಬ್ಬ ತಾಯಿ, ಶಿರಾ

ಕಡಿಮೆ ಮಾತಾಡಿ, ದಿನಾ ಒಂದೇ ಹೊತ್ತಿಗೆ. ಅವಳ ವಾರದ ಡ್ಯೂಟಿ ಲಿಸ್ಟಿನ ಫೋಟೋ ತರಿಸಿಕೊಂಡು ಗೋಡೆಗೆ ಅಂಟಿಸಿ, ನೈಟ್ ಮುಗಿದ ಬೆಳಗ್ಗೆ ಫೋನ್ ಮಾಡಬೇಡಿ. 'ನೀಟ್ ಪಿಜಿಗೆ ಓದ್ತಿದ್ದೀಯಾ?' ಎಂದು ಪಿಜಿ ಪ್ರವೇಶ ಪರೀಕ್ಷೆಯ ಬಗ್ಗೆ ಕೇಳುವುದನ್ನು ಒಂದೆರಡು ತಿಂಗಳು ಬಿಡಿ. ಇವತ್ತು ಎಷ್ಟು ಜನ ಹೋದರು ಎಂದು ಕೇಳಬೇಡಿ. 'ಇವತ್ತು ಕೂತು ಉಂಡೆಯಾ, ನಿಂತು ಉಂಡೆಯಾ?' ಎಂದು ಕೇಳಿ, ಅದರಲ್ಲಿ ಅರ್ಧ ದಿನದ ಸುದ್ದಿ ಬಂದುಬಿಡುತ್ತದೆ. ಅತ್ತರೆ ತಡೆಯಬೇಡಿ, ಆ ಕ್ಷಣಕ್ಕೆ ಬುದ್ಧಿಮಾತೂ ಬೇಡ. ತಿಂಗಳಿಗೊಮ್ಮೆ ಶಿರಾದಿಂದ ಬಸ್ ಹತ್ತಿ ಹೋಗಿ, ಮುದ್ದೆ, ಸೊಪ್ಪಿನ ಸಾರು ಕೊಟ್ಟು, ಬಟ್ಟೆ ಒಗೆಯಲು ತೆಗೆದುಕೊಂಡು ಒಂದು ಗಂಟೆಯಲ್ಲಿ ಬಂದುಬಿಡಿ.

ಎರಡು ವಾರ ಊಟ-ಸ್ನಾನದ ಬಗ್ಗೆ ಲಕ್ಷ್ಯವಿಲ್ಲದಿದ್ದರೆ, 'ಡಾಕ್ಟರ್ ಆಗಿದ್ದೇ ತಪ್ಪು' ಎಂಬ ಮಾತು 'ನಾನು ಹುಟ್ಟಿದ್ದೇ ತಪ್ಪು' ಎಂದು ಬದಲಾದರೆ, ಆಗ ಫೋನಿನಲ್ಲಿ ಮುಗಿಸಬೇಡಿ. ಹೊರಡಿ.

ಮುಂದಿನ ಸಾಂಕ್ರಾಮಿಕಕ್ಕೆ ನಮ್ಮ ವಿಭಾಗ ಏನು ತಯಾರಿ ಮಾಡಿಕೊಳ್ಳಬೇಕು? ಪ್ರತಿ ವಾರ ಯೋಗ, ಧ್ಯಾನ ಇಡಬೇಕೆಂದಿದ್ದೇವೆ. – ಒಬ್ಬ ಪ್ರಾಧ್ಯಾಪಕರು, ಕೋಲಾರ

ಇಡಿ, ಬೇಡವೆನ್ನುವುದಿಲ್ಲ. ಆದರೆ ಆಫ್ ಇರುವ ಬೆಳಗ್ಗೆ 6ಕ್ಕೆ ಕಡ್ಡಾಯ ಯೋಗ ಎಂದರೆ ನಿದ್ದೆಯಿಂದ ಕದ್ದ ಎರಡು ಗಂಟೆ. ಮೊದಲು ಲೆಕ್ಕ ಮಾಡೋಣ.

ಒಂದು ಐಸಿಯುನಲ್ಲಿ ಸದಾ ಒಬ್ಬ ಕಿರಿಯ ವೈದ್ಯ ಇರಬೇಕೆಂದರೆ ವಾರಕ್ಕೆ 168 ಗಂಟೆ. ಪಿಪಿಇ ಕಿಟ್ ಹಾಕಿದ ಮೇಲೆ ನೀರಿಲ್ಲ, ಶೌಚವಿಲ್ಲ, ಮುಟ್ಟಿನ ದಿನಗಳಲ್ಲಿ ಪ್ಯಾಡ್ ಬದಲಿಸಲಾಗುವುದಿಲ್ಲ. 6 ಗಂಟೆಗಿಂತ ಉದ್ದದ ಪಾಳಿ ಬೇಡ, ಬೇಸಿಗೆಯಲ್ಲಿ ನಾಲ್ಕಾದರೆ ಇನ್ನೂ ಒಳ್ಳೆಯದು. 6 ಗಂಟೆಯಂತೆ ವಾರಕ್ಕೆ 28 ಪಾಳಿ. ಒಬ್ಬರು ವಾರಕ್ಕೆ 6 ಪಾಳಿ ಮಾಡಿದರೆ ಐದು ಜನ ಬೇಕು. ಕಿಟ್ ಹಾಕಲು ಅರ್ಧ ಗಂಟೆ, ಬಿಚ್ಚಿ ಸ್ನಾನ ಮಾಡಿ ಹ್ಯಾಂಡ್‌ಓವರ್ ಕೊಡಲು ಮುಕ್ಕಾಲು ಗಂಟೆ ಸೇರಿಸಿದರೆ 6 ಎನ್ನುವುದು ಏಳೂಕಾಲು, ವಾರಕ್ಕೆ ನಲವತ್ತಮೂರೂವರೆ ಗಂಟೆ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆ ಹೇಳಿದ ವಾರದ 48 ಗಂಟೆಯೊಳಗೆ ಇದು ಕೂರುತ್ತದೆ. ಆರನೆಯ ವ್ಯಕ್ತಿ ಮೀಸಲು. ಒಂದು ಜಾಗಕ್ಕೆ ಆರು ಜನ, ಇದಕ್ಕಿಂತ ಕಡಿಮೆಯಿದ್ದರೆ ಆ ಹಾಸಿಗೆಗಳನ್ನು ತೆರೆಯುವ ಮೊದಲೇ ಲಿಖಿತವಾಗಿ ತಿಳಿಸಿ.

ಎಲ್ಲಿ ಎಡವುತ್ತದೆ? ಮೀಸಲಿನವರನ್ನು ಮೊದಲ ವಾರವೇ ಸ್ವಾಬ್ ತೆಗೆಯಲು, ಪೋರ್ಟಲ್ಲಿಗೆ ಡೇಟಾ ತುಂಬಲು ಕಳಿಸಿಬಿಡುತ್ತಾರೆ. ಎರಡನೇ ವಾರ ಇಬ್ಬರಿಗೆ ಜ್ವರ ಬರುತ್ತದೆ, ಉಳಿದವರು 12 ಗಂಟೆಗೆ ಜಿಗಿಯುತ್ತಾರೆ, ಅವರಿಗೂ ಜ್ವರ. ಡೇಟಾ ಕೆಲಸಕ್ಕೆ ಡಾಕ್ಟರ್ ಬೇಕಿಲ್ಲ. 2021ರಲ್ಲಿ ಇನ್ನೊಂದು ಪೆಟ್ಟೂ ಬಿತ್ತು: ಏಪ್ರಿಲ್‌ನಲ್ಲಿ ನಡೆಯಬೇಕಿದ್ದ ನೀಟ್ ಪಿಜಿ ಸೆಪ್ಟೆಂಬರ್ 11ಕ್ಕೆ ಹೋಯಿತು, ಸೀಟು ಹಂಚುವ ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿಯಲ್ಲಿ. ಅಷ್ಟು ತಿಂಗಳು ಮೊದಲ ವರ್ಷದ ಬ್ಯಾಚೇ ಇಲ್ಲದೆ ಉಳಿದ ಎರಡು ಬ್ಯಾಚು ಮೂರರ ಕೆಲಸ ಎಳೆಯಿತು. 'ನಮ್ಮ ಕಾಲದಲ್ಲಿ 36 ಗಂಟೆ ಮಾಡ್ತಿದ್ವಿ' ಎನ್ನುವ ಹಿರಿಯರು ಈ ಲೆಕ್ಕವನ್ನು ಒಮ್ಮೆ ನೋಡಲಿ.

ಸತತ ನೈಟ್ ನಾಲ್ಕು ಮೀರದಿರಲಿ, ಎರಡು ಪಾಳಿಯ ನಡುವೆ 11 ಗಂಟೆ, ಕೊನೆಯ ನೈಟಿನ ನಂತರ ಎರಡು ದಿನ ಬಿಡುವು. ಬ್ರಿಟನ್ನಿನ ಕಿರಿಯ ವೈದ್ಯರ ಒಪ್ಪಂದದಲ್ಲೂ ಹೆಚ್ಚುಕಡಿಮೆ ಇದೇ ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ, ದಿನಕ್ಕೆ 7-8 ಗಂಟೆ ನಿದ್ದೆ ಸಿಗಬೇಕು ಎಂದಿತು. 74 ಎನ್ನುವುದೇ ಹೆಚ್ಚಾಯಿತು ಎಂಬುದು ನಮ್ಮ ಅಭಿಪ್ರಾಯ, ಆದರೆ ಅದನ್ನಾದರೂ ಪಾಲಿಸಿ. ಡಾಕ್ಟರ್ಸ್ ರೂಮಿನಲ್ಲಿ ಚಿಲಕವಿರುವ ಬಾಗಿಲು, ತೊಳೆದ ಹಾಸು, ಕುಡಿಯುವ ನೀರು ಇದೆಯೇ ಎಂದು ನಾಳೆ ನೀವೇ ಹೋಗಿ ನೋಡಿ ಬನ್ನಿ.

ರಜೆ ಕೇಳಿದರೆ 'ಪಿಜಿಗೆಲ್ಲಿ ರಜೆ?' ಅನ್ನುತ್ತಾರೆ. ನಿಯಮ ಏನು? – ತುಮಕೂರು

ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಾವಳಿಯಲ್ಲಿ ವಾರಕ್ಕೊಂದು ರಜೆ (ಕೆಲಸದ ತುರ್ತಿಗೆ ಒಳಪಟ್ಟು), ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ಸಾಂದರ್ಭಿಕ ರಜೆ, 5 ದಿನ ಶೈಕ್ಷಣಿಕ ರಜೆ ಇದೆ. ಹೌಸ್ ಸರ್ಜನ್‌ಗಳಿಗೆ 2021ರ ನಿಯಮದಂತೆ 12 ತಿಂಗಳಲ್ಲಿ 15 ದಿನ. ಬಾಯಿಮಾತಿನಲ್ಲಿ ಕೇಳಬೇಡಿ. ಎರಡು ವಾರ ಮುಂಚೆ, ನಿಮ್ಮ ಪಾಳಿ ಯಾರು ನೋಡಿಕೊಳ್ಳುತ್ತಾರೆಂದು ಅವರ ಸಹಿಯೊಂದಿಗೆ ಬರೆದು, ಯೂನಿಟ್ ಚೀಫ್ ಮೂಲಕ ಎಚ್‌ಒಡಿಗೆ ಕೊಡಿ. ಕಾಯಿಲೆಯ ರಜೆಯಾದರೆ ವೈದ್ಯರ ಪತ್ರದಲ್ಲಿ 'ವಿಶ್ರಾಂತಿ ಅಗತ್ಯ' ಎಂದಿದ್ದರೆ ಸಾಕು, ಕಾಯಿಲೆಯ ಹೆಸರು ಬರೆಸಬೇಕಾಗಿಲ್ಲ. ಕೊಟ್ಟ ಅರ್ಜಿಯ ನಕಲಿನ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ.